ಕಾಲಾಣೆಯ ಗಿರಾಕಿ

ಕಳೆದ ವರ್ಷ ನಮ್ಮೂರ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪುಟ್ಟ ಅಂಗಡಿ ತೆರೆದಳು. ಬಳೆ, ರಿಬ್ಬನ್ನು, ಸೀರೆಯ ಫಾಲ್ಸು, ಗುಂಡಿ, ದಾರ. ಇಂಥ ಸಣ್ಣ ಸಾಮಾನುಗಳೇ ಅವಳ ಬಂಡವಾಳ. ತೆರೆದ ಮೂರು ತಿಂಗಳಿಗೆ ನಾನು ಹೋದಾಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದಳು. "ಜನ ಬರ್ತಾರೆ ಟೀಚರ್, ಕೇಳ್ತಾರೆ, ಹೋಗ್ತಾರೆ. ನನಗೆ ಮಾತಾಡಿ ಮಾರ್ಲಿಕ್ಕೆ ಗೊತ್ತಿಲ್ಲ" ಎಂದಳು. ಎಲ್ಲೋ ಒಂದು ದಿನದ ತರಬೇತಿಗೆ ಹೋಗಿ ಬಂದಿದ್ದಳಂತೆ. ಬಂದವರನ್ನು ನಗುನಗುತ್ತಾ ಮಾತಾಡಿಸಬೇಕು, ಒಂದು ಕೇಳಿದವರಿಗೆ ಎರಡು ತೋರಿಸಬೇಕು, ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಅವಳು ನಗುತ್ತಿದ್ದಳು, ಎರಡಲ್ಲ ನಾಲ್ಕು ತೋರಿಸುತ್ತಿದ್ದಳು. ಆದರೂ ಬರಿಗೈಯಲ್ಲಿ ಹೋಗುವವರು ಹೋಗುತ್ತಲೇ ಇದ್ದರು.

ನಾನು ಜೀವಮಾನವಿಡೀ ಸಮಾಜ ಪಾಠ ಹೇಳಿದವಳು. ವ್ಯಾಪಾರದ ಗುಟ್ಟು ಕೇಳಿದರೆ ಏನು ಹೇಳಲಿ? ಆ ದಿನ ಒಂದು ಡಜನ್ ಗುಂಡಿ ಕೊಂಡುಕೊಂಡು ಸುಮ್ಮನೆ ಬಂದೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಅಜ್ಜಿಯ ಅಂಗಡಿ ಕಣ್ಣಿಗೆ ಕಟ್ಟಿತ್ತು. ಅದರ ಜೊತೆಗೆ, ನಾನು ಮಕ್ಕಳಿಗೆ ಎಂದೂ ಸರಿಯಾಗಿ ಹೇಳದ ಒಂದು ಚರಿತ್ರೆಯ ಪಾಠವೂ ನೆನಪಾಯಿತು.

ಅಜ್ಜಿಯದ್ದು ಉಡುಪಿಯ ಕಡೆಯ ಒಂದು ಹಳ್ಳಿಯಲ್ಲಿ, ಮೂರು ದಾರಿ ಸೇರುವಲ್ಲಿ ಇದ್ದ ಹುಲ್ಲು ಮಾಡಿನ ಅಂಗಡಿ. ಅಜ್ಜ ತೀರಿಕೊಂಡ ಮೇಲೆ, ಚಿಕ್ಕ ವಯಸ್ಸಿನಲ್ಲೇ ಮೂರು ಮಕ್ಕಳನ್ನು ಕಟ್ಟಿಕೊಂಡು ಅವಳು ಅದನ್ನು ಹಾಕಿದ್ದು. ಉಪ್ಪು, ಮೆಣಸು, ಬೆಲ್ಲ, ಎಲೆ ಅಡಿಕೆ, ಹೊಗೆಸೊಪ್ಪು, ಸೀಮೆಎಣ್ಣೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಲೆಕ್ಕವೆಲ್ಲ ಬಾಯಲ್ಲಿ, ಸಾಲವೆಲ್ಲ ಬಾಗಿಲ ಹಿಂದೆ ಸೀಮೆಸುಣ್ಣದ ಗೀಟುಗಳಲ್ಲಿ. ಆ ಗೀಟುಗಳ ಕತೆಯನ್ನು ಅವಳು ನಮಗೆ ಎಷ್ಟು ಸಲ ಹೇಳಿದ್ದಾಳೆಂದರೆ, ನಾನು ಹುಟ್ಟುವ ಮೊದಲೇ ನಡೆದದ್ದಾದರೂ ಕಣ್ಣಾರೆ ಕಂಡಂತಿದೆ.

1957ರ ಏಪ್ರಿಲ್ 1ರಂದು ನಮ್ಮ ದೇಶದಲ್ಲಿ ಹೊಸ ನಾಣ್ಯ ಬಂತು. ಅದುವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. ಆ ಹಳೆಯ ಪೈಸೆಯೆಂದರೆ ಕಾಲಾಣೆ. ಇನ್ನು ಮೇಲೆ ರೂಪಾಯಿಗೆ 100 'ನಯಾಪೈಸೆ' ಎಂದಾಯಿತು. ಜನಕ್ಕೆ ಗೊಂದಲವಾಗದಿರಲೆಂದೇ ಹೊಸತು ಎಂಬರ್ಥದ 'ನಯಾ' ಸೇರಿಸಿದ್ದು. 1964ರ ಜೂನ್‌ನಲ್ಲಿ ಆ 'ನಯಾ' ಬಿದ್ದುಹೋಗಿ ಬರಿಯ ಪೈಸೆ ಉಳಿಯಿತು. ಪಾಠಪುಸ್ತಕದಲ್ಲಿ ಇದಕ್ಕೆ ಎರಡು ಸಾಲು. ದಶಮಾನ ಪದ್ಧತಿಯಿಂದ ಲೆಕ್ಕ ಸುಲಭವಾಯಿತು ಎಂದು ನಾನೂ ಎಷ್ಟೋ ವರ್ಷ ಹೇಳಿಕೊಟ್ಟಿದ್ದೇನೆ.

ಸುಲಭವಾದದ್ದು ಯಾರಿಗೆ? ಒಂದು ಆಣೆಗೆ ಹೊಸ ಲೆಕ್ಕದಲ್ಲಿ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯವಿಲ್ಲ. ಆದ್ದರಿಂದ ಸರ್ಕಾರ ಒಂದು ಪಟ್ಟಿ ಮಾಡಿತು. 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25 ನಯಾಪೈಸೆ. ಪಾವಲಿ, ಎಂಟಾಣೆ, ರೂಪಾಯಿ ಹಿಡಿದು ಬರುವವನಿಗೆ ಲೆಕ್ಕ ಚೊಕ್ಕ, ನಷ್ಟವಿಲ್ಲ. ತೊಡಕಾದದ್ದು ಕಾಲಾಣೆಯ ಗಿರಾಕಿಗೆ. ಕಾಲಾಣೆಯೆಂದರೆ ಒಂದೂವರೆಗಿಂತ ತುಸು ಹೆಚ್ಚು ನಯಾಪೈಸೆ. ಪಟ್ಟಿಯಲ್ಲಿ ಅದು ದುಂಡಗಾಗಿ 2 ಆಯಿತು. ಒಂದೊಂದೇ ಕಾಲಾಣೆಯ ಸಾಮಾನು ಕೊಳ್ಳುವವನು ಮೊದಲು ಒಂದು ರೂಪಾಯಿಗೆ 64 ಸಲ ಕೊಳ್ಳುತ್ತಿದ್ದ. ಈಗ ಅಷ್ಟೇ ಸಾಮಾನಿಗೆ 128 ನಯಾಪೈಸೆ ಎಣಿಸಬೇಕು. ರೂಪಾಯಿಗೆ 28 ನಯಾಪೈಸೆ ಜಾಸ್ತಿ! ಯಾರೂ ಬೆಲೆ ಏರಿಸಲಿಲ್ಲ, ಯಾರೂ ಮೋಸ ಮಾಡಲಿಲ್ಲ. ದುಂಡಗೆ ಮಾಡಿದ್ದಷ್ಟೆ. ಅತಿ ಕಡಿಮೆ ಕೊಳ್ಳುವವನ ಮೇಲೆ ಅತಿ ಹೆಚ್ಚು ಹೊರೆ ಬಿತ್ತು.

ಹಳೆಯ ಬಿಲ್ಲೆಗಳು ಕೆಲವು ವರ್ಷ ಹೊಸದರ ಜೊತೆಗೇ ಚಲಾವಣೆಯಲ್ಲಿದ್ದವು. ಅವು ಕೈಯಲ್ಲಿದ್ದಷ್ಟು ದಿನ ಯಾರಿಗೂ ತಿಳಿಯಲಿಲ್ಲ. ಕೂಲಿ ಹೊಸ ನಾಣ್ಯದಲ್ಲಿ ಬರತೊಡಗಿದ ಮೇಲೆ ಅಂಗಡಿಗಳ ಮುಂದೆ ಜಗಳ ಶುರುವಾಯಿತು. ಅಜ್ಜಿಯ ಅಂಗಡಿಗೆ ಸಂಜೆ ಗದ್ದೆ ಕೆಲಸದಿಂದ ಬರುವವರು ಕೊಳ್ಳುತ್ತಿದ್ದದ್ದೇ ಕಾಲಾಣೆಯ ಎಲೆಯಡಿಕೆ, ಕಾಲಾಣೆಯ ಬೆಲ್ಲ. "ನಿನ್ನೆಯವರೆಗೆ ಇದ್ದ ಎಲೆಯೇ ಇವತ್ತೂ ಇರುವುದು, ದುಡ್ಡು ಹ್ಯಾಗೆ ಜಾಸ್ತಿಯಾಯ್ತು?" ಎಂದು ಒಬ್ಬ ಮುದುಕ ಕೇಳಿದನಂತೆ. ಅಜ್ಜಿಗೆ ಉತ್ತರ ಗೊತ್ತಿರಲಿಲ್ಲ. ಪಟ್ಟಿ ತೋರಿಸೋಣವೆಂದರೆ ಅವಳಿಗೂ ಓದಲು ಬರದು, ಅವನಿಗೂ ಬರದು. ರಾತ್ರಿ ಅಂಗಡಿ ಮುಚ್ಚಿ, ಹುಣಿಸೆ ಬೀಜಗಳನ್ನು ನೆಲದ ಮೇಲೆ ಹರಡಿ ಕೂತು ಎಣಿಸಿದಳು. ಎರಡು ಕಾಲಾಣೆ ಸೇರಿ ಅರ್ಧ ಆಣೆ, ಅಂದರೆ 3 ನಯಾಪೈಸೆ. ತೀರ ಕೂದಲೆಳೆಯಷ್ಟು ವ್ಯತ್ಯಾಸ. ಒಂದೊಂದಾಗಿ ಕೊಂಡರೆ 4, ಜೊತೆಯಲ್ಲಿ ಕೊಂಡರೆ 3!

ಮರುದಿನದಿಂದ ಅವಳು ಒಂದು ಕ್ರಮ ಮಾಡಿದಳು. ಕಾಲಾಣೆಯ ಸಾಮಾನಿಗೆ ಇವತ್ತು 2 ನಯಾಪೈಸೆ ತೆಗೆದುಕೊಂಡು ಬಾಗಿಲ ಹಿಂದೆ ಒಂದು ಗೀಟು. ನಾಳೆ ಅದೇ ಗಿರಾಕಿ ಬಂದರೆ 1 ನಯಾಪೈಸೆ, ಗೀಟು ಅಳಿಸಿತು. "ಎರಡು ದಿನದ್ದು ಒಟ್ಟಿಗೆ ತಗೊಳ್ಳಿ" ಎಂದು ಹೇಳಬಹುದಿತ್ತಲ್ಲ, ಇಷ್ಟೆಲ್ಲ ಏಕೆ ಎಂದು ನಾನೊಮ್ಮೆ ಕೇಳಿದ್ದೆ. "ಎರಡು ದಿನದ್ದು ಒಟ್ಟಿಗೆ ತಕೊಳ್ಳುವಷ್ಟು ದುಡ್ಡು ಕೈಯಲ್ಲಿದ್ದರೆ ಅವ ಕಾಲಾಣೆಯದ್ದು ಯಾಕೆ ತಕೊಳ್ತಿದ್ದ ಮಾರಾಯ್ತಿ?" ಎಂದಳು. ನನಗೆ ಮಾತು ಹೊರಡಲಿಲ್ಲ. ಇದರಿಂದ ಅವಳಿಗೆ ರೂಪಾಯಿಗೆ 4 ನಯಾಪೈಸೆ ಖೋತಾ. ಆದರೆ ಇವತ್ತು ಗೀಟು ಹಾಕಿಸಿಕೊಂಡವನು ನಾಳೆ ಬೇರೆ ಅಂಗಡಿಗೆ ಹೋಗುವುದುಂಟೆ? ಗೀಟು ಅಳಿಸಲು ಬಂದೇ ಬರುತ್ತಾನೆ. ಬಂದವನು ಉಪ್ಪೋ ಮೆಣಸೋ ಕೊಳ್ಳುತ್ತಾನೆ. ಅವಳು ಅಷ್ಟು ದೂರ ಯೋಚಿಸಿ ಮಾಡಿದಳೋ, ಮುದುಕನ ಪ್ರಶ್ನೆಗೆ ಉತ್ತರ ಕೊಡಲು ಮಾಡಿದಳೋ ನನಗೆ ತಿಳಿಯದು. ಎರಡೂ ಇರಬಹುದು.

ನಾಣ್ಯದ ಗಲಾಟೆ ತಣ್ಣಗಾಗುವಷ್ಟರಲ್ಲಿ ತೂಕ ಬದಲಾಯಿತು. 1956ರ ಕಾಯಿದೆಯಂತೆ ಕಿಲೋಗ್ರಾಂ, ಲೀಟರುಗಳು 1958ರಿಂದ ಹಂತಹಂತವಾಗಿ ಬಂದು, 1962ರ ಹೊತ್ತಿಗೆ ವ್ಯಾಪಾರದಲ್ಲಿ ಹಳೆಯ ತೂಕಗಳು ರದ್ದಾದವು. ಅದಕ್ಕೆ ಮುಂಚೆ ಊರಿಗೊಂದು ಸೇರು. ನಮ್ಮ ಕಡೆ ಅಕ್ಕಿಗೆ ಸೇರು, ಕಳಸಿಗೆ, ಮುಡಿ. ಘಟ್ಟದ ಮೇಲಿನ ಸೇರೇ ಬೇರೆ, ಇಲ್ಲಿಯದೇ ಬೇರೆ. ಹೊಸ ತೂಕ ಬಂದದ್ದು ಒಳ್ಳೆಯದಕ್ಕೇ. ಆದರೆ ಹೆಂಗಸರ ಕೈಗೆ ಮನೆಯ ಅಕ್ಕಿಯ ಲೆಕ್ಕ ಪಾವು ಸೇರಿನಲ್ಲೇ ರೂಢಿಯಾಗಿತ್ತು. ಕಿಲೋ ಎಂದರೆ ಎಷ್ಟು ಹೊತ್ತಿನ ಗಂಜಿ ಎಂದು ಅವರಿಗೆ ತಿಳಿಯದು. ಅಜ್ಜಿ ತಕ್ಕಡಿಯಲ್ಲಿ ಕಿಲೋ ತೂಗಿದ ಅಕ್ಕಿಯನ್ನು ಅವರೆದುರಿಗೇ ಹಳೆಯ ಸೇರಿಗೆ ಸುರಿದು ತೋರಿಸಿ, ಆಮೇಲೆ ಚೀಲಕ್ಕೆ ಹಾಕುತ್ತಿದ್ದಳಂತೆ. ತಕ್ಕಡಿ ಕಾನೂನಿಗೆ, ಸೇರು ಗಿರಾಕಿಯ ಸಮಾಧಾನಕ್ಕೆ. ಒಂದು ವರ್ಷ ಹೀಗೆ ಸುರಿದು ತೋರಿಸಿದ ಮೇಲೆ, "ಸಾಕು, ಗೊತ್ತಾಯ್ತು" ಎಂದು ಅವರೇ ಹೇಳತೊಡಗಿದರು. ಆ ಸೇರು ಈಗಲೂ ನಮ್ಮ ಮನೆಯಲ್ಲಿದೆ.

ಇದೆಲ್ಲ ಅಜ್ಜಿಯ ಸ್ವಂತ ಬುದ್ಧಿ ಎಂದು ನಾನು ಬಹಳ ದಿನ ಹೆಮ್ಮೆಪಟ್ಟುಕೊಂಡಿದ್ದೆ. ಆಮೇಲೆ ನಮ್ಮ ಜಿಲ್ಲೆಯ ಚರಿತ್ರೆ ಓದುವಾಗ ತಿಳಿಯಿತು, ಇದೇ ಬುದ್ಧಿ ಅವಳಿಗಿಂತ 29 ವರ್ಷ ಮೊದಲೇ ಉಡುಪಿಯಲ್ಲಿ ಒಂದು ಬ್ಯಾಂಕನ್ನು ಬೆಳೆಸಿತ್ತು. 1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಕೈಮಗ್ಗದವರು ಕಷ್ಟಕ್ಕೆ ಬಿದ್ದಿದ್ದ ಕಾಲವದು. ಅವರಿಗೆ ನೆರವಾಗಬೇಕೆಂಬುದೇ ಉದ್ದೇಶ. ಆದರೆ ನೇಕಾರನೋ ಮೀನು ಮಾರುವವಳೋ ಬ್ಯಾಂಕಿನ ಮೆಟ್ಟಿಲು ಹತ್ತುವುದು ಹೇಗೆ? ಅವರ ದುಡ್ಡು ದಿನಾ ಬಂದು ದಿನಾ ಹೋಗುವಂಥದ್ದು. ತಿಂಗಳ ಕೊನೆಗೆ ಇಷ್ಟು ತಂದು ಕಟ್ಟಿ ಎಂದರೆ, ತಿಂಗಳ ಕೊನೆಗೆ ಏನೂ ಉಳಿದಿರುವುದಿಲ್ಲ.

1928ರಲ್ಲಿ ಆ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಕೊಡಲು ನೀವು ಬರಬೇಕಾಗಿಲ್ಲ, ಏಜೆಂಟನೇ ನಿಮ್ಮ ಬಾಗಿಲಿಗೆ ಬರುತ್ತಾನೆ. ಹಣ ಕೈಗೆ ಬರುವ ಹೊತ್ತು ನೋಡಿ, ಅದು ಕೈಬಿಟ್ಟು ಹೋಗುವ ಮೊದಲು ಬರುತ್ತಾನೆ. ಜನಕ್ಕೆ ಉಳಿತಾಯದ ಗುಣವಿಲ್ಲ ಎಂದು ಉಪದೇಶ ಮಾಡುವುದನ್ನು ಬಿಟ್ಟು, ಜನರ ದುಡ್ಡು ಯಾವ ಗಾತ್ರದಲ್ಲಿ, ಯಾವ ಹೊತ್ತಿನಲ್ಲಿ ಬರುತ್ತದೆ ಎಂದು ನೋಡಿದ್ದೇ ಆ ಯೋಜನೆಯ ಜೀವಾಳ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಬ್ಯಾಂಕಿನ ಹೆಸರು ಹೋಯಿತು. ಪಿಗ್ಮಿ ಎಂಬ ಮಾತು ಮಾತ್ರ ನಮ್ಮ ಕಡೆಯ ಬಾಯಲ್ಲಿ ಉಳಿದಿದೆ.

ಅಜ್ಜಿಯ ಅಂಗಡಿಗೂ ಪಿಗ್ಮಿಯವರು ಬರುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಸಂಜೆ ಐದಕ್ಕೆ ಹೆಗಲಿಗೆ ಚೀಲ ಹಾಕಿಕೊಂಡು ಬಂದು, ಮಜ್ಜಿಗೆ ಕುಡಿದು, ಪುಸ್ತಕದಲ್ಲಿ ಬರೆದುಕೊಟ್ಟು ಹೋಗುತ್ತಿದ್ದರು. "ಇವರು ದಿನಾ ಬರದಿದ್ದರೆ ನಾನು ಒಂದು ರೂಪಾಯಿ ಉಳಿಸುತ್ತಿರಲಿಲ್ಲ" ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ಬಿ.ಎಡ್. ಶುಲ್ಕ ಕಟ್ಟಿದ್ದು ಆ ಹಣದಿಂದಲೇ.

ಇಷ್ಟೆಲ್ಲ ಕಣ್ಣೆದುರಿಗಿದ್ದೂ ನಾನು ಕಲಿತಿರಲಿಲ್ಲ. ಆ ಮಾತನ್ನೂ ಇಲ್ಲಿ ಹೇಳಲೇಬೇಕು.

1986ರ ಬೇಸಿಗೆ ರಜೆ. ನಾನಾಗ ಪಿ.ಯು.ಸಿ. ಓದುತ್ತಿದ್ದೆ. ಅಜ್ಜಿಗೆ ಮೊಣಕಾಲು ನೋವು ಬಂದು ಅಂಗಡಿಯಲ್ಲಿ ನನ್ನನ್ನು ಕೂರಿಸಿದ್ದಳು. ಒಂದು ಚಹಾ ಕಂಪೆನಿಯ ಏಜೆಂಟ್ ಬಂದು, ಕಾಲು ಕಿಲೋದ ಪೊಟ್ಟಣ ಇಂತಿಷ್ಟು ಮಾರಿದ ಅಂಗಡಿಗೆ ಗೋಡೆ ಗಡಿಯಾರ ಬಹುಮಾನ ಎಂದು ಹೇಳಿ ಹೋದ. ನಮ್ಮ ಅಂಗಡಿಯಲ್ಲಿ ಚಹಾ ಹೋಗುತ್ತಿದ್ದದ್ದು ಬಿಡಿಯಾಗಿ, ಕಾಗದದ ಸಣ್ಣ ಪೊಟ್ಟಣದಲ್ಲಿ, ಒಂದೆರಡು ಹೊತ್ತಿಗಾಗುವಷ್ಟು. ನಾನು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡವಳು. ಮಾತಿಗೇನು ಕೊರತೆ! ದೊಡ್ಡ ಪೊಟ್ಟಣ ಕೊಂಡರೆ ಎಷ್ಟು ಉಳಿತಾಯ, ಎಷ್ಟು ಪರಿಮಳ, ನೆಂಟರು ಬಂದಾಗ ಎಷ್ಟು ಮರ್ಯಾದೆ ಎಂದು ಬಂದವರಿಗೆಲ್ಲ ಹೇಳಿದೆ. ದುಡ್ಡಿಲ್ಲ ಎಂದವರಿಗೆ ಸಾಲ ಬರೆದೆ. ಗದ್ದೆಯಾಚೆ ಬೀಡಿ ಕಟ್ಟುವ ಹೆಂಗಸೊಬ್ಬಳಿದ್ದಳು. ಬೇಡ ಬೇಡ ಎಂದವಳ ಕೈಗೆ ಎರಡು ಪೊಟ್ಟಣ ಹಾಕಿ ಕಳಿಸಿದೆ. ಗಡಿಯಾರ ಬಂತು.

ಗಡಿಯಾರ ಬಂದ ಮೇಲೆ ಆ ಹೆಂಗಸು ಬರುವುದು ನಿಂತಿತು. ಬೀಡಿ ಬ್ರಾಂಚಿನ ಮಜೂರಿ ವಾರಕ್ಕೊಮ್ಮೆ ಸಿಗುತ್ತಿತ್ತು. ಅದರಲ್ಲಿ ಅಕ್ಕಿಗೆ, ಮಗುವಿನ ಔಷಧಿಗೆ ಆಗಿ ಉಳಿಯುವುದು ಚಿಲ್ಲರೆ. ಎರಡು ಪೊಟ್ಟಣದ ಸಾಲ ಒಮ್ಮೆಗೇ ತೀರಿಸಲಾರದೆ, ಅಂಗಡಿಯ ಮುಂದೆ ಹಾಯಲು ನಾಚಿಕೆಯಾಗಿ, ಅವಳು ಗದ್ದೆಯ ಹುಣಿಯ ಮೇಲೆ ಸುತ್ತು ಬಳಸಿ ಬ್ರಾಂಚಿಗೆ ಹೋಗುತ್ತಿದ್ದಳು. ಮಳೆ ಹಿಡಿದ ಮೇಲೆ, ಬೀಡಿಯ ಬುಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಸರಿನಲ್ಲಿ ಹೋಗುವುದನ್ನು ಅಜ್ಜಿಯೇ ಕಂಡಳು.

ಅಜ್ಜಿ ನನಗೆ ಬೈಯಲಿಲ್ಲ. ಆ ಸಂಜೆ ನೋಯುವ ಕಾಲಿನಲ್ಲೇ ಅವಳ ಮನೆಗೆ ನಡೆದಳು, ನನ್ನನ್ನೂ ಕರೆದುಕೊಂಡು. ಒಂದು ಪೊಟ್ಟಣ ಒಡೆಯದೆ ಹಾಗೇ ಇತ್ತು. ಅದನ್ನು ವಾಪಸು ತೆಗೆದುಕೊಂಡಳು. ಇನ್ನೊಂದರ ಸಾಲವನ್ನು ವಾರಕ್ಕಿಷ್ಟು ಎಂದು ಸಣ್ಣ ಸಣ್ಣ ಗೀಟು ಮಾಡಿದಳು. ದಾರಿಯಲ್ಲಿ ಬರುವಾಗ ಹೇಳಿದ್ದು ಇಷ್ಟೇ: "ಅವಳಿಗೆ ಮಾತಾಡ್ಲಿಕ್ಕೆ ಬರುವುದಿಲ್ಲ. ಬೇಡ ಅಂತ ಒಂದು ಸರ್ತಿ ಹೇಳಿದ್ದಾಳಲ್ಲ. ಅದನ್ನು ನೀನು ಕೇಳಬೇಕಿತ್ತು." ಆ ಹೆಂಗಸು ಮತ್ತೆ ಅಂಗಡಿಗೆ ಬರತೊಡಗಿದಳು. ಆದರೆ ನಾನು ಕೂತಿದ್ದರೆ ಹೊರಗೇ ನಿಂತು, ಅಜ್ಜಿ ಬರುವವರೆಗೆ ಕಾಯುತ್ತಿದ್ದಳು. ಕೊನೆಯವರೆಗೂ ನನ್ನ ಕೈಯಿಂದ ಏನೂ ಕೊಳ್ಳಲಿಲ್ಲ.

ಅದೇ ಕಾಲದಲ್ಲಿ ಅಂಗಡಿಯ ಮಾಡಿನಿಂದ ಶಾಂಪೂ ಪೊಟ್ಟಣಗಳ ಮಾಲೆ ಜೋತಾಡತೊಡಗಿತ್ತು. ಅದರ ಹಿಂದೆಯೂ ಒಂದು ಚರಿತ್ರೆಯಿದೆ. ತಮಿಳುನಾಡಿನ ಕಡಲೂರಿನಲ್ಲಿ ಚಿನ್ನಿ ಕೃಷ್ಣನ್ ಎಂಬವರು, ಬಾಟಲಿಯಲ್ಲಿ ದೊಡ್ಡವರ ಮನೆಗೆ ಮಾತ್ರ ಹೋಗುತ್ತಿದ್ದ ಸಾಮಾನನ್ನು ಕೂಲಿಯವರೂ ಕೊಳ್ಳುವಂತೆ ಸಣ್ಣ ಪೊಟ್ಟಣ ಮಾಡಬೇಕೆಂದು ಹಠ ಹಿಡಿದವರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ 15,000 ರೂಪಾಯಿಯಲ್ಲಿ ಚಿಕ್ ಶಾಂಪೂ ಶುರುಮಾಡಿದರು. ಹಳ್ಳಿಗಳಲ್ಲಿ ಹುಡುಗರ ತಲೆಗೆ ಶಾಂಪೂ ಹಾಕಿ ತೊಳೆದು, ಕೂದಲು ಮುಟ್ಟಿ ನೋಡಿ ಎಂದು ಜನರಿಗೆ ತೋರಿಸಿದರು. ಖಾಲಿ ಪೊಟ್ಟಣಗಳನ್ನು ತಂದುಕೊಟ್ಟವರಿಗೆ ಹೊಸದೊಂದು ಕೊಟ್ಟರು. ದೊಡ್ಡ ಕಂಪೆನಿಗಳೂ ಆಮೇಲೆ ಆ ದಾರಿಗೇ ಬಂದವು. ಒಂದು ಸಲದ ಸ್ನಾನಕ್ಕೆ ಎಷ್ಟು ಬೇಕೋ ಅಷ್ಟು. ಅಜ್ಜಿಯ ಕಾಲಾಣೆಯ ಲೆಕ್ಕವೇ ಅಲ್ಲವೆ ಇದು?

ಆದರೆ ಒಂದು ವ್ಯತ್ಯಾಸ ಹೇಳದಿದ್ದರೆ ತಪ್ಪಾಗುತ್ತದೆ. ಬಡವನ ಕೈಯಲ್ಲಿರುವ ದುಡ್ಡಿನ ಗಾತ್ರ ತಿಳಿದುಕೊಂಡವನು ಅವನಿಗೆ ಬೇಕಾದ್ದನ್ನೂ ಮಾರಬಹುದು, ಬೇಡವಾದ್ದನ್ನೂ ಮಾರಬಹುದು. ಆ ಮಾಲೆಯ ಪಕ್ಕದಲ್ಲೇ ಮುಂದೆ ಗುಟ್ಕಾದ ಮಾಲೆಯೂ ಬಂತು. ಅಳತೆ ಅಷ್ಟೇ ಸಣ್ಣದು. ನಮ್ಮೂರ ಎಷ್ಟು ಮನೆಗಳು ಅದರಿಂದ ಹಾಳಾದವು! ಅಜ್ಜಿಯ ಬಾಳೆಲೆಯ ಪೊಟ್ಟಣ ಮಣ್ಣಾಗುತ್ತಿತ್ತು, ಈ ಪ್ಲಾಸ್ಟಿಕ್ ತೋಡಿನಲ್ಲಿ ಸಿಕ್ಕಿಕೊಂಡೇ ಇದೆ. ನಾನು ಚಹಾ ಮಾರಿದ್ದೂ ಗಿರಾಕಿಯನ್ನು ಅರ್ಥಮಾಡಿಕೊಂಡೇ. ನೆಂಟರೆದುರಿನ ಮರ್ಯಾದೆಯೆಂದರೆ ಅವಳು ಮೆತ್ತಗಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಅರ್ಥಮಾಡಿಕೊಳ್ಳುವುದು ಒಂದು ಕೌಶಲ, ಸರಿ. ಅದನ್ನು ಯಾತಕ್ಕೆ ಬಳಸುತ್ತೇವೆ ಎನ್ನುವುದು ಬೇರೆ ಪ್ರಶ್ನೆ. ತರಬೇತಿಗಳಲ್ಲಿ ಈ ಎರಡನೆಯದನ್ನು ಯಾರೂ ಕೇಳುವಂತೆ ಕಾಣುವುದಿಲ್ಲ.

ಮುಂದಿನ ವಾರ ನಾನು ಮತ್ತೆ ನನ್ನ ವಿದ್ಯಾರ್ಥಿನಿಯ ಅಂಗಡಿಗೆ ಹೋದೆ. ಒಂದು ನೋಟುಪುಸ್ತಕ ಕೊಟ್ಟೆ. "ಮಾತಾಡುವುದು ಕಲಿಯಬೇಡ. ಕೊಳ್ಳದೆ ಹೋದವರು ಹೋಗುವ ಮೊದಲು ಏನು ಕೇಳಿದರು ಎನ್ನುವುದನ್ನು ಮಾತ್ರ ಬರಿ. ಅವರು ಹೇಳಿದ ಮಾತಿನಲ್ಲೇ ಬರಿ. ಯಾವ ದಿನ, ಎಷ್ಟು ಹೊತ್ತಿಗೆ ಎಂದೂ ಬರಿ" ಎಂದೆ. ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಟೀಚರ್ ಹೇಳಿದ ಹೋಂವರ್ಕ್ ಎಂದು ಒಪ್ಪಿಕೊಂಡಳು.

ಎರಡು ತಿಂಗಳ ನಂತರ ನೋಟುಪುಸ್ತಕ ತೋರಿಸಿದಳು. ಮೊದಲ ಪುಟದಲ್ಲಿ ಹೀಗಿತ್ತು: "ಸೋಮವಾರ, ಬೆಳಿಗ್ಗೆ. ಹಸಿರು ಗಾಜಿನ ಬಳೆ. ಎರಡು ಒಡೆದಿದೆ, ಎರಡೇ ಸಾಕು ಅಂದರು. ಡಜನ್ ಬಿಡಿಸಿ ಕೊಡುವುದಿಲ್ಲ ಅಂದೆ. ಹೋದರು." ಕೆಳಗೆ: "ಸೋಮವಾರ, ಸಂಜೆ. ಹಸಿರು ಬಳೆ ನಾಲ್ಕು. ಹೋದರು." ಮತ್ತೆ ಬುಧವಾರ, ಮತ್ತೆ ಶುಕ್ರವಾರ. ಹತ್ತು ಪುಟಗಳಲ್ಲಿ ಹದಿನೇಳು ಸಲ ಅದೇ ಮಾತು.

"ಈಗ?" ಎಂದು ಕೇಳಿದೆ. ಅವಳು ಮೇಜಿನ ಮೇಲಿದ್ದ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದಳು. ಬಿಡಿಸಿದ ಡಜನುಗಳ ಬಳೆಗಳು ಬಣ್ಣ ಬಣ್ಣವಾಗಿ, ಅಳತೆಗೊಂದೊಂದು ದಾರದಲ್ಲಿ ಪೋಣಿಸಿದ್ದವು. ಒಡೆದ ಬಳೆಯ ಚೂರು ತಂದರೂ ಹೊಂದಿಸಿ ಕೊಡುತ್ತಾಳಂತೆ. ಇಷ್ಟರಲ್ಲಿ ಒಬ್ಬ ಹೆಂಗಸು ಬಂದು ಕೈ ಮುಂದೆ ಚಾಚಿದಳು. ಒಂದು ಕೈಯಲ್ಲಿ ಆರು, ಇನ್ನೊಂದರಲ್ಲಿ ಐದು. ಹುಡುಗಿ ನಗಲೂ ಇಲ್ಲ, ಬೇರೆ ಏನನ್ನೂ ತೋರಿಸಲೂ ಇಲ್ಲ. ಡಬ್ಬಿಯಲ್ಲಿ ಹುಡುಕಿ ಒಂದು ಬಳೆ ತೆಗೆದು, ನೋಯದಂತೆ ಮೆಲ್ಲಗೆ ತೊಡಿಸಿದಳು. ಆ ಹೆಂಗಸು ಫೋನಿನಲ್ಲಿ ಹಣ ಕಳಿಸಿದಳು. ಡಬ್ಬಿಯ ಪಕ್ಕದ ಪೆಟ್ಟಿಗೆ ಐದು ರೂಪಾಯಿ ಬಂತೆಂದು ಗಟ್ಟಿಯಾಗಿ ಕೂಗಿ ಹೇಳಿತು.